ಹತ್ತೂವರೆಯ ಪಾರ್ಕು

ಹನುಮಂತನಗರದಲ್ಲಿ ಹದಿನಾರು ವರ್ಷಗಳಿಂದ ಫಿಸಿಯೋಥೆರಪಿ ಮಾಡುತ್ತಿದ್ದೇನೆ. ಮಂಡಿನೋವು, ಸೊಂಟನೋವು, ಬಚ್ಚಲಲ್ಲಿ ಜಾರಿ ಮೂಳೆ ಮುರಿದುಕೊಂಡವರು: ನನ್ನಲ್ಲಿಗೆ ಬರುವವರಲ್ಲಿ ಮುಕ್ಕಾಲು ಪಾಲು ಅರವತ್ತೈದು ದಾಟಿದವರೇ. ಅವರಿಗೆಲ್ಲ ನಾನು ಹೇಳುತ್ತಿದ್ದುದು ಒಂದೇ ಮಾತು, "ದಿನಾ ಸ್ವಲ್ಪ ನಡೆಯಿರಿ." ಅವರೆಲ್ಲರೂ "ಆಗಲಿ ಡಾಕ್ಟರಮ್ಮ" ಎನ್ನುತ್ತಿದ್ದರು. ನಡೆಯುತ್ತಿರಲಿಲ್ಲ.

2022ರಲ್ಲಿ ಒಂದು ಭಾನುವಾರ ದೇವಸ್ಥಾನದ ಸಭಾಂಗಣ ಕೇಳಿಕೊಂಡು ಒಂದು ಸಭೆ ಮಾಡಿದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದನ್ನೆಲ್ಲ ಪರದೆಯ ಮೇಲೆ ತೋರಿಸಿದೆ. ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ. 65 ದಾಟಿದವರಿಗೆ ಅದರ ಜೊತೆಗೆ ವಾರದಲ್ಲಿ ಮೂರು ದಿನವಾದರೂ ಸಮತೋಲನ ಮತ್ತು ಬಲ ಹೆಚ್ಚಿಸುವ ವ್ಯಾಯಾಮ. ನಲವತ್ತು ಜನ ಬಂದಿದ್ದರು. ತಲೆದೂಗಿದರು, ಚೌಚೌ ಬಾತ್ ತಿಂದರು, ನನ್ನ ತಲೆಯ ಮೇಲೆ ಕೈಯಿಟ್ಟು ಹರಸಿ ಹೋದರು. ಮಾರನೆಯ ಬೆಳಿಗ್ಗೆ ಆರಕ್ಕೆ ಪಾರ್ಕಿಗೆ ಬಂದವರು ಇಬ್ಬರು. ಒಬ್ಬರು ಇಪ್ಪತ್ತು ವರ್ಷದಿಂದ ಅಲ್ಲೇ ನಡೆಯುತ್ತಿದ್ದವರು. ಇನ್ನೊಬ್ಬರು ಮಂಡಿಗೆ ಹಚ್ಚಲು ಯಾವ ಎಣ್ಣೆ ಒಳ್ಳೆಯದು ಎಂದು ಕೇಳಲು ಬಂದವರು.

ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಸೋಮಾರಿಗಳು ಎಂದುಕೊಂಡೆ. ಸಿಟ್ಟು ಇಳಿದ ಮೇಲೆ ಕ್ಲಿನಿಕ್ಕಿಗೆ ಬಂದ ಒಬ್ಬೊಬ್ಬರನ್ನೂ ಕೇಳತೊಡಗಿದೆ. "ಏಕೆ ನಡೆಯುವುದಿಲ್ಲ" ಎಂದಲ್ಲ. ಹಾಗೆ ಕೇಳಿದರೆ "ಕಾಲು ನೋವು" ಎಂಬ ಉತ್ತರ ಸಿದ್ಧವಾಗಿರುತ್ತದೆ. "ನಿನ್ನೆ ಮನೆಯಿಂದ ಎಲ್ಲಿಗೆ ಹೋಗಿದ್ದಿರಿ?" ಎಂದು ಕೇಳಿದೆ. ಆಗ ಕಥೆಗಳು ಹೊರಬಂದವು.

ಬೆಳಿಗ್ಗೆ ಆರು ಗಂಟೆಗೆ ಹೆಂಗಸರು ಯಾರೂ ಖಾಲಿ ಇರುವುದಿಲ್ಲ. ಮೊಮ್ಮಕ್ಕಳ ಡಬ್ಬಿ, ಸೊಸೆಯ ಡಬ್ಬಿ, ಗಂಡನ ಕಾಫಿ. ಅವರಿಗೆ ಉಸಿರಾಡಲು ಬಿಡುವಾಗುವುದು ಹತ್ತು ಗಂಟೆಯ ಮೇಲೆ. ಗಂಡಸರಿಗೆ ಬೇರೆ ಕಷ್ಟ. ಪ್ರಾಸ್ಟೇಟ್ ತೊಂದರೆಯಿಂದ ಗಂಟೆಗೊಮ್ಮೆ ಶೌಚಾಲಯ ಬೇಕು, ಪಾರ್ಕಿನದ್ದಕ್ಕೆ ಸದಾ ಬೀಗ. ಇದನ್ನು ನನಗೆ ಹೇಳಲು ಬ್ಯಾಂಕಿನ ನಿವೃತ್ತ ರಾಯರು ಮೂರು ಭೇಟಿ ತೆಗೆದುಕೊಂಡರು. ಎಪ್ಪತ್ತೆರಡರ ಅಜ್ಜಿಯೊಬ್ಬರು ಹೇಳಿದ್ದು ಇನ್ನೂ ಸರಳ: "ಪಾರ್ಕು ದೂರವಲ್ಲಮ್ಮ. ಮಧ್ಯದಲ್ಲಿ ಕೂರಲು ಒಂದು ಕಟ್ಟೆಯೂ ಇಲ್ಲ."

ಮೊದಲು ವೇಳೆ ಬದಲಾಯಿಸಿದೆ. ಸೋಮ, ಬುಧ, ಶುಕ್ರ, ಬೆಳಿಗ್ಗೆ ಹತ್ತೂವರೆ. ಬೆಂಗಳೂರಿನ ಹವೆಗೆ ಹೊಂಗೆ ಮರದ ಕೆಳಗೆ ಆ ಹೊತ್ತು ತೊಂದರೆಯಿಲ್ಲ; ಮಾರ್ಚ್, ಏಪ್ರಿಲ್‌ನಲ್ಲಿ ಮಾತ್ರ ಸಂಜೆ ಐದಕ್ಕೆ ತಳ್ಳುತ್ತೇವೆ. ಬೀಗದ ಬಗ್ಗೆ ರಾಯರು ಅಚ್ಚುಕಟ್ಟಾದ ಅರ್ಜಿ ಬರೆದರು, ಎರಡು ಪ್ರತಿ ಇಟ್ಟುಕೊಂಡರು, ಉತ್ತರ ಬರಲಿಲ್ಲ. ಕೊನೆಗೆ ನಾನು ಮಾಲಿಯನ್ನು ಕೇಳಿದೆ. "ಕೀಲಿ ನನ್ನ ಹತ್ತಿರವೇ ಇದೆ, ಯಾರೂ ಕೇಳಲಿಲ್ಲ" ಎಂದರು. ಈಗ ಕೀಲಿ ಗೇಟಿನ ಪಕ್ಕದ ಎಳನೀರಿನವರ ಬಳಿ ನೇತಾಡುತ್ತದೆ. ದಾರಿಯಲ್ಲಿ ಕೂರಲು ಎರಡು ಮನೆಯವರು ಕಾಂಪೌಂಡಿನ ಹೊರಗೆ ಪ್ಲಾಸ್ಟಿಕ್ ಕುರ್ಚಿ ಹಾಕಲು ಒಪ್ಪಿದರು. ನಾನು ಮಾಡಿದ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಟ್ಟಿದ್ದು ಆ ಎರಡು ಕುರ್ಚಿಗಳೇ ಎಂದು ನನಗೆ ಈಗಲೂ ಅನ್ನಿಸುತ್ತದೆ. ಓದಿದ ಓದಿಗೆ ಸ್ವಲ್ಪ ಅವಮಾನವೇ.

ಮೊದಲ ದಿನ ಒಂಬತ್ತು ಜನ. ನಡೆಸುವ ಮುಂಚೆ ಕೂರಿಸಿ ಏಳಿಸಿದೆ. ಗೋಡೆಗೆ ಒತ್ತಿಟ್ಟ ಕುರ್ಚಿ, ಎರಡೂ ಕೈ ಎದೆಯ ಮೇಲೆ ಕತ್ತರಿ. ಮೂವತ್ತು ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಬಹುದು? 70ರಿಂದ 74ರ ವಯಸ್ಸಿನ ಹೆಂಗಸರಿಗೆ 10, ಗಂಡಸರಿಗೆ 12. ಅದಕ್ಕಿಂತ ಕಡಿಮೆಯಾದರೆ ಬೀಳುವ ಭಯ ಹೆಚ್ಚು ಎಂದು ಲೆಕ್ಕ. ಕಟ್ಟೆ ಕೇಳಿದ ಅಜ್ಜಿ ನಾಲ್ಕು ಸಲ ಎದ್ದರು. ಐದನೆಯ ಸಲ ಕೈ ತಾನಾಗಿ ಕುರ್ಚಿಯ ಹಿಡಿಗೆ ಹೋಯಿತು. ನನ್ನ ಮುಖ ನೋಡಿ, "ಇದು ಲೆಕ್ಕಕ್ಕಿಲ್ಲ ಅಲ್ಲವೇ?" ಎಂದರು. ಲೆಕ್ಕಕ್ಕಿರಲಿಲ್ಲ. ದಿನಾ ಮೈಲಿಗಟ್ಟಲೆ ನಡೆಯುವ, ಯಾರಿಗೂ ಸೊಪ್ಪು ಹಾಕದ ಮೇಷ್ಟ್ರು ಒಬ್ಬರಿದ್ದಾರೆ, ಅವರಿಗೂ ಹನ್ನೊಂದೇ. ನಡಿಗೆಯೊಂದರಿಂದಲೇ ತೊಡೆಗೆ ಬಲ ಬರುವುದಿಲ್ಲ ಎಂದು ನಾನು ಹೇಳಿದ್ದನ್ನು ಅವರು ನಂಬಿದ್ದು ಆ ದಿನ.

ಎರಡನೆಯ ತಿಂಗಳಲ್ಲಿ ನಾನೇ ಕೆಡಿಸಿದೆ. ಉತ್ಸಾಹದಲ್ಲಿ ಮೊಬೈಲಿನಲ್ಲಿ ಹೆಜ್ಜೆ ಎಣಿಸಿ, ವಾರದ ಲೆಕ್ಕವನ್ನು ವಾಟ್ಸಾಪ್ ಗುಂಪಿಗೆ ಹಾಕತೊಡಗಿದೆ. ಮೇಷ್ಟ್ರು, ರಾಯರು ಜಿದ್ದಿಗೆ ಬಿದ್ದರು. ರಾಯರ ಮಂಡಿ ಊದಿಕೊಂಡು ಹದಿನೈದು ದಿನ ಮನೆ ಹಿಡಿದರು. ಪಟ್ಟಿಯ ಕೊನೆಯಲ್ಲಿದ್ದ ಇಬ್ಬರು ಹೆಂಗಸರು ಸದ್ದಿಲ್ಲದೆ ಬಿಟ್ಟುಹೋದರು; ಅವರಲ್ಲಿ ಒಬ್ಬರು ಇಂದಿಗೂ ಬಂದಿಲ್ಲ. ಪಟ್ಟಿ ನಿಲ್ಲಿಸಿದೆ. ಈಗ ನಮ್ಮ ಅಳತೆ ಬೇರೆ: ನಡೆಯುವಾಗ ಮಾತಾಡಲು ಬರಬೇಕು, ಹಾಡಲು ಬರಬಾರದು. ಭಜನಾ ಮಂಡಳಿಯವರೊಬ್ಬರು ನಡೆಯುತ್ತಲೇ ಎರಡು ಚರಣ ಹಾಡಿ ತೋರಿಸಿದರು. "ಹಾಗಾದರೆ ಇನ್ನೂ ಬಿರುಸಾಗಿ ನಡೆಯಿರಿ" ಎಂದೆ. ಪಲ್ಲವಿಗೆ ಬರುವಷ್ಟರಲ್ಲಿ ಉಸಿರು ಸಿಕ್ಕಿಕೊಂಡಿತು. ಅದೇ ಅವರ ಸರಿಯಾದ ವೇಗ.

ಚಪ್ಪಲಿಯ ಜಗಳ ಇನ್ನೂ ಮುಗಿದಿಲ್ಲ. ಹವಾಯಿ ಚಪ್ಪಲಿ ಬೇಡ ಎಂದರೆ "ಸೀರೆಗೆ ಶೂ ಹಾಕಿಕೊಂಡು ಬೀದಿಯಲ್ಲಿ ಹೋಗಲೇ?" ಎನ್ನುತ್ತಾರೆ. ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿಗೆ ರಾಜಿಯಾದೆವು. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಬರಬಾರದು, ಜೇಬಿನಲ್ಲೋ ಪರ್ಸಿನಲ್ಲೋ ನಾಲ್ಕು ಪೆಪ್ಪರ್‌ಮಿಂಟ್ ಇರಬೇಕು. ಎದೆ ಹಿಡಿದರೆ, ತಲೆ ಸುತ್ತಿದರೆ ಮರ್ಯಾದೆ ನೋಡದೆ ಅಲ್ಲೇ ಕೂರಬೇಕು. ಪಾರ್ಕಿಲ್ಲದ ದಿನಗಳಿಗೆ ಅಡಿಗೆಮನೆಯ ವ್ಯಾಯಾಮ: ಒಲೆಯಿಂದ ದೂರ, ಕಟ್ಟೆ ಹಿಡಿದು ನಿಂತು, ಕುಕ್ಕರ್ ಮೂರು ಸಲ ಕೂಗುವವರೆಗೆ ಹಿಮ್ಮಡಿ ಎತ್ತಿ ಇಳಿಸುವುದು. ಹತ್ತು ಸಲ, ಇಪ್ಪತ್ತು ಸಲ ಎಂದು ಹೇಳಿಕೊಟ್ಟಿದ್ದು ಮರೆಯುತ್ತಿದ್ದರು. ಕುಕ್ಕರ್ ಮರೆಯುವುದಿಲ್ಲ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ಸು ಉಚಿತವಾಯಿತು. ಎಲ್ಲರ ಬಾಯಲ್ಲೂ ಮಲ್ಲೇಶ್ವರದ ತಂಗಿ, ರಾಜಾಜಿನಗರದ ಮಗಳು. ನಾಲ್ಕು ಸಲ ಎದ್ದಿದ್ದ ಅಜ್ಜಿ ಮಾತ್ರ ಸುಮ್ಮನಿದ್ದರು. ಕೇಳಿದ್ದಕ್ಕೆ "ಟಿಕೆಟ್ ಇಲ್ಲದಿದ್ದರೇನು, ಮೆಟ್ಟಿಲು ಇದೆಯಲ್ಲ" ಎಂದರು. ಅಂದಿನಿಂದ ಪಾರ್ಕಿನ ಕಟ್ಟೆಯೇ ನಮ್ಮ ಬಸ್ಸು. ಮೊದಲು ಎರಡು ಇಟ್ಟಿಗೆಯ ಎತ್ತರ, ಆಮೇಲೆ ಕಟ್ಟೆ; ಒಂದು ಕೈ ಕಂಬಿಗೆ, ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಮೇಷ್ಟ್ರು ಕಂಡಕ್ಟರ್ ಆಗಿ "ರೈಟ್, ರೈಟ್" ಎನ್ನುತ್ತಿದ್ದರು. ದೀಪಾವಳಿಯ ಹೊತ್ತಿಗೆ ಅಜ್ಜಿ ಮೂವತ್ತು ಸೆಕೆಂಡಿಗೆ ಒಂಬತ್ತು ಸಲ ಏಳುತ್ತಿದ್ದರು.

ಆಗ ಅವರೇ ಕೇಳಿದರು, "ಪರಿಷೆಗೆ ಹೋಗಬಹುದೇ?" ಬಸವನಗುಡಿಯ ಕಡಲೆಕಾಯಿ ಪರಿಷೆ ಕಾರ್ತಿಕದ ಕೊನೆಯ ಸೋಮವಾರ. ಅವರ ಮನೆಯಿಂದ ಅಷ್ಟೇನೂ ದೂರವಿಲ್ಲ, ಆದರೂ ಆರು ವರ್ಷ ಹೋಗಿರಲಿಲ್ಲ. ಸೋಮವಾರದ ನೂಕುನುಗ್ಗಲು ಬೇಡವೆಂದು ಭಾನುವಾರ ಬೆಳಿಗ್ಗೆ ಏಳಕ್ಕೇ ಹೊರಟೆವು, ಆರು ಜನ. ಎರಡು ಕಡೆ ಕೂತೆವು. ದೊಡ್ಡ ಗಣಪತಿಗೆ ಕೈ ಮುಗಿದು ಬಸವಣ್ಣನ ಗುಡಿಯ ಮೆಟ್ಟಿಲ ಮುಂದೆ ನಿಂತಾಗ ನಾನು ಕೈ ನೀಡಿದೆ. ಅಜ್ಜಿ ಕೈ ಹಿಡಿಯಲಿಲ್ಲ. "ಗಟ್ಟಿ ಕಾಲು ಮೊದಲು" ಎಂದು ತಮಗೆ ತಾವೇ ಹೇಳಿಕೊಂಡು ಒಂದೊಂದಾಗಿ ಹತ್ತಿದರು. ಮೇಲೆ ಹೋದ ಮೇಲೆ ದೇವರಿಗಿಂತ ಮೊದಲು ಹಿಂದಿರುಗಿ ಮೆಟ್ಟಿಲುಗಳನ್ನು ನೋಡಿದರು.

ಮನೆಗೆ ಆಟೋದಲ್ಲೇ ಹೋದರು, ಅದನ್ನೂ ಹೇಳಬೇಕು. ಎರಡು ಸೇರು ಹಸಿ ಕಡಲೆಕಾಯಿ ಕೊಂಡಿದ್ದರು, ಚೀಲ ಹೊರಲು ನನ್ನನ್ನು ಬಿಡಲಿಲ್ಲ. ಬುಧವಾರ ಹತ್ತೂವರೆಗೆ ಬೇಯಿಸಿದ ಕಡಲೆಕಾಯಿಯ ದೊಡ್ಡ ಡಬ್ಬಿಯೊಂದಿಗೆ ಹೊಂಗೆ ಮರದ ಕೆಳಗೆ ಎಲ್ಲರಿಗಿಂತ ಮೊದಲು ಬಂದು ಕೂತಿದ್ದರು. ಒಂದು ಬಿಡಿಸಿ ಬಾಯಿಗೆ ಹಾಕಿಕೊಂಡೆ. ಉಪ್ಪು ಧಾರಾಳವಾಗಿತ್ತು. ಬಿ.ಪಿ. ಇರುವವರು ಎಂದು ಬಾಯಿ ತೆರೆದವಳು, ಇನ್ನೊಂದು ತೆಗೆದುಕೊಂಡು ಸುಮ್ಮನಾದೆ.