ತಲೆ ಆಪರೇಷನ್‌ಗೆ ಮಲಗಿಸುವುದು ಹೇಗೆ? ಎಲ್ಲಾ ಇರುವುದು ಕತ್ತಿನಲ್ಲಿ

ಬೆಳಿಗ್ಗೆ 8ಕ್ಕೆ ಪೇಷಂಟನ್ನು ಥಿಯೇಟರ್ ಒಳಗೆ ಕರೆದುಕೊಂಡು ಹೋಗಿರುತ್ತಾರೆ. 9 ದಾಟಿದರೂ ‘ಇನ್ನೂ ಶುರು ಮಾಡಿಲ್ಲ’ ಅಂತ ಸಿಸ್ಟರ್ ಹೇಳಿದರೆ ಹೊರಗೆ ಕೂತವರಿಗೆ ಜೀವ ಬಾಯಿಗೆ ಬಂದಂತಾಗುತ್ತದೆ. ಮಳವಳ್ಳಿ, ಪಾಂಡವಪುರ, ಕೆ.ಆರ್. ಪೇಟೆ ಕಡೆಯಿಂದ ಮೈಸೂರಿಗೆ ಬಂದು ಆಸ್ಪತ್ರೆ ಕಾರಿಡಾರಿನಲ್ಲಿ ಕಾಯುವವರಿಗೆ ಒಂದು ಮಾತು: ಗಾಬರಿ ಬೇಡ. ಆ ಹೊತ್ತು ಅರಿವಳಿಕೆ ಕೊಡುವುದಕ್ಕೆ, ಆಮೇಲೆ ಪೇಷಂಟನ್ನು ಸರಿಯಾಗಿ ಮಲಗಿಸುವುದಕ್ಕೆ ಹೋಗುತ್ತದೆ.

ಮಲಗಿಸುವುದೇನು ಮಹಾ ಅನ್ನಬೇಡಿ. ತಲೆ ಎಷ್ಟು ಎತ್ತರದಲ್ಲಿದೆ, ಕತ್ತು ಎಷ್ಟು ತಿರುಗಿದೆ ಅನ್ನುವುದರ ಮೇಲೆ ಮಿದುಳಿನ ರಕ್ತದ ಓಡಾಟ ನಿಂತಿದೆ. ಆಪರೇಷನ್ ಮುಗಿದ ಮೇಲೆ ವಾರ್ಡಿನಲ್ಲಿ ಇದೇ ವಿಷಯ ನಿಮ್ಮ ಕೈಗೂ ಬರುತ್ತದೆ. ಅದಕ್ಕೇ ಹಂತ ಹಂತವಾಗಿ ನೋಡೋಣ.

ಮೊದಲು ಸ್ವಲ್ಪ ಲೆಕ್ಕ

ನಮ್ಮ ಮೈತೂಕದಲ್ಲಿ ಮಿದುಳಿನ ಪಾಲು ಶೇ 2ರಷ್ಟು. ಆದರೆ ಹೃದಯ ತಳ್ಳುವ ರಕ್ತದಲ್ಲಿ ಶೇ 15ರಷ್ಟು ಅದಕ್ಕೇ ಬೇಕು. ನಿಮಿಷಕ್ಕೆ ಸುಮಾರು 700ರಿಂದ 750 ಮಿ.ಲೀ. ದೊಡ್ಡವರ ಬುರುಡೆ ಹಿಗ್ಗುವುದಿಲ್ಲ. ಅದರೊಳಗೆ ಇರುವುದು ಮೂರೇ: ಮಿದುಳು, ಅದರ ಸುತ್ತಲಿನ ನೀರಿನಂಥ ದ್ರವ, ಮತ್ತೆ ರಕ್ತ. ಒಂದು ಜಾಸ್ತಿಯಾದರೆ ಇನ್ನೊಂದು ಜಾಗ ಬಿಡಬೇಕು. ಬಿಡಲು ಜಾಗವೇ ಇಲ್ಲದಿದ್ದರೆ ಒಳಗಿನ ಒತ್ತಡ ಏರುತ್ತದೆ. ಸ್ಕಾಟ್ಲೆಂಡಿನ ವೈದ್ಯರಾದ ಮನ್ರೊ 1783ರಲ್ಲಿ, ಕೆಲ್ಲಿ 1824ರಲ್ಲಿ ಹೇಳಿದ ಮಾತಿನ ಸಾರ ಇದು. ಇವತ್ತಿಗೂ ನ್ಯೂರೋ ಡಾಕ್ಟರುಗಳ ಮೊದಲ ಪಾಠ ಇದೇ.

ಮಿದುಳಿಗೆ ರಕ್ತ ‘ಹೋಗುತ್ತಾ’ ಅಂತ ಎಲ್ಲರೂ ಕೇಳುತ್ತಾರೆ. ‘ವಾಪಸ್ ಬರುತ್ತಾ’ ಅಂತ ಕೇಳುವವರು ಕಡಿಮೆ. ಮಂಡ್ಯದವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. ನಾಲೆಯಿಂದ ನೀರು ಚೆನ್ನಾಗೇ ಬರುತ್ತಿದ್ದರೂ ಬಸಿಗಾಲುವೆ ಕಟ್ಟಿಕೊಂಡರೆ ಗದ್ದೆ ಜೌಗು ಹಿಡಿಯುತ್ತದೆ, ಅಲ್ವಾ? ತಲೆಯಿಂದ ರಕ್ತ ಬಸಿದು ಇಳಿಯುವ ಮುಖ್ಯ ದಾರಿ ಕತ್ತಿನ ಎರಡೂ ಪಕ್ಕದ ದೊಡ್ಡ ಅಭಿಧಮನಿಗಳು. ಅವುಗಳ ಗೋಡೆ ತೆಳು, ಒಳಗಿನ ಒತ್ತಡವೂ ಕಡಿಮೆ. ಕತ್ತು ಅತಿಯಾಗಿ ತಿರುಗಿದರೆ, ಬಾಗಿದರೆ, ಬಿಗಿಯಾದ ಪಟ್ಟಿ ಸುತ್ತಿದರೆ ಒತ್ತಿಕೊಂಡುಬಿಡುತ್ತವೆ. ಒಳಗೆ ಹೋಗುವ ಅಪಧಮನಿ ಗಟ್ಟಿ, ಅದಕ್ಕೆ ಏನೂ ಆಗಿರುವುದಿಲ್ಲ. ರಕ್ತ ಬರುತ್ತಲೇ ಇರುತ್ತದೆ, ಇಳಿಯುವುದಿಲ್ಲ. ಮಿದುಳು ಉಬ್ಬುತ್ತದೆ.

ಹಂತ 1: ತಲೆ ಎತ್ತುವುದು

ಬಹಳಷ್ಟು ತಲೆ ಆಪರೇಷನ್‌ಗಳಲ್ಲಿ ಪೇಷಂಟ್ ಅಂಗಾತ ಮಲಗಿರುತ್ತಾರೆ. ತಲೆ ಕಡೆ 15ರಿಂದ 30 ಡಿಗ್ರಿ ಎತ್ತಿರುತ್ತಾರೆ. ಎತ್ತುವುದು ಟೇಬಲ್ಲನ್ನು, ದಿಂಬಿಟ್ಟು ಬರೀ ತಲೆಯನ್ನಲ್ಲ. ಹೀಗೆ ಎತ್ತಿದಾಗ ರಕ್ತ ತನ್ನಷ್ಟಕ್ಕೆ ಇಳಿಯುತ್ತದೆ, ಬುರುಡೆಯೊಳಗಿನ ಒತ್ತಡ ತಗ್ಗುತ್ತದೆ. ಮಿದುಳು ಸಡಿಲವಾಗಿದ್ದರೆ ಸರ್ಜನ್‌ಗೆ ಅದನ್ನು ಸರಿಸುವ ಕೆಲಸ ಕಡಿಮೆ, ರಕ್ತಸ್ರಾವವೂ ಕಡಿಮೆ.

ಹಾಗಾದರೆ ಇನ್ನೂ ಎತ್ತಬಾರದಾ? ಅದಕ್ಕೊಂದು ಬೆಲೆ ಇದೆ. ತಲೆ ಹೃದಯಕ್ಕಿಂತ ಮೇಲೆ ಹೋದಷ್ಟೂ ಅಲ್ಲಿಗೆ ತಲುಪುವ ಒತ್ತಡ ಇಳಿಯುತ್ತದೆ. ಪ್ರತಿ 10 ಸೆಂ.ಮೀ.ಗೆ ಸುಮಾರು 7.5 ಅಂಕ (ಬಿ.ಪಿ. ಅಳೆಯುವ mmHg ಲೆಕ್ಕದಲ್ಲಿ).

ಒಂದು ಉದಾಹರಣೆ. ಮಂಪರಿನಲ್ಲಿರುವ ಪೇಷಂಟಿನ ತೋಳಿನ ಬಿ.ಪಿ. 100/60. ಇದರ ಸರಾಸರಿ (ಕೆಳಗಿನ ಅಂಕಕ್ಕೆ ಎರಡರ ವ್ಯತ್ಯಾಸದ ಮೂರನೇ ಒಂದು ಪಾಲು ಸೇರಿಸಿದರೆ) ಸುಮಾರು 73. ಕಿವಿ (ಮಿದುಳಿನ ಮಟ್ಟಕ್ಕೆ ಇದೇ ಗುರುತು) ಹೃದಯಕ್ಕಿಂತ 20 ಸೆಂ.ಮೀ. ಮೇಲಿದೆ, 15 ಕಳೆಯಿರಿ: 58. ಬುರುಡೆಯೊಳಗಿನ ಒತ್ತಡ 10 ಇದ್ದರೆ ಅದನ್ನೂ ಕಳೆಯಿರಿ: 48. ಮಿದುಳಿಗೆ ನಿಜವಾಗಿ ಉಳಿದ ಒತ್ತಡ ಇಷ್ಟೇ. ತಲೆಗೆ ಜೋರು ಪೆಟ್ಟು ಬಿದ್ದವರಲ್ಲಿ ಇದನ್ನು 60ರಿಂದ 70ರ ನಡುವೆ ಇಡಲು ನೋಡುತ್ತಾರೆ. ಮಾನಿಟರಿನಲ್ಲಿ 100/60 ನೋಡಿ ‘ಪರವಾಗಿಲ್ಲ’ ಅಂದುಕೊಂಡರೆ ಮೋಸ ಹೋಗುತ್ತೇವೆ.

ಇದೇ ಕಾರಣಕ್ಕೆ ಅನಸ್ತೇಷಿಯಾ ಡಾಕ್ಟರು ಮಣಿಕಟ್ಟಿನ ಅಪಧಮನಿಗೆ ಸಣ್ಣ ನಳಿಕೆ ಹಾಕಿ ಬಿ.ಪಿ. ಅಳೆಯುತ್ತಾರೆ. ಆ ಅಳತೆಯ ಸಾಧನವನ್ನು ಹೃದಯದ ಮಟ್ಟದಲ್ಲಿ ಇಡದೆ ಕಿವಿಯ ಮಟ್ಟಕ್ಕೆ ತಂದು ಕಟ್ಟುತ್ತಾರೆ. ನೋಡುವುದಕ್ಕೆ ಸುಮ್ನೆ ಒಂದು ಸಣ್ಣ ಪ್ಲಾಸ್ಟಿಕ್ ತುಂಡು. ಆದರೆ ಅದನ್ನು ಒಂದು ಗೇಣು ಕೆಳಗೆ ಕಟ್ಟಿದರೆ ಮೇಲಿನ ಲೆಕ್ಕವೆಲ್ಲ ಬುಡಮೇಲು.

ಹಂತ 2: ಕತ್ತು

ನನ್ನ ಕೇಳಿದರೆ ಎಲ್ಲಕ್ಕಿಂತ ಮುಖ್ಯ ಹಂತ ಇದು. ಮಿದುಳಿನ ಆಪರೇಷನ್ನಿನಲ್ಲಿ ತಲೆ ಕೂದಲೆಳೆಯಷ್ಟೂ ಅಲುಗಬಾರದು. ಹೀಗಾಗಿ ಮೂರು ಪಿನ್ ಇರುವ ಹಿಡಿಕೆಯಲ್ಲಿ ಬುರುಡೆಯನ್ನು ಬಿಗಿಯುತ್ತಾರೆ. ಪಿನ್ ಚುಚ್ಚುವ ಕ್ಷಣದಲ್ಲಿ, ಮಂಪರಿನಲ್ಲಿದ್ದರೂ, ಬಿ.ಪಿ. ಜಿಗಿಯುತ್ತದೆ. ಅದಕ್ಕೆ ಮೊದಲೇ ನೆತ್ತಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಡುವುದು ಅಥವಾ ಮಂಪರು ಹೆಚ್ಚಿಸುವುದು ಉಂಟು.

ಒಮ್ಮೆ ಬಿಗಿದರೆ ಕತ್ತು ಹೇಗಿದೆಯೋ ಹಾಗೇ ಗಂಟೆಗಟ್ಟಲೆ ಇರುತ್ತದೆ. ಆಗ ಡಾಕ್ಟರು ಎರಡು ಬೆರಳು ಜೋಡಿಸಿ ಗದ್ದ ಮತ್ತು ಎದೆಮೂಳೆಯ ನಡುವೆ ತೂರಿಸಿ ನೋಡುತ್ತಾರೆ. ಬೆರಳು ಹೋಗಲಿಲ್ಲವೆಂದರೆ ಕತ್ತು ಅತಿಯಾಗಿ ಬಾಗಿದೆ, ಮತ್ತೆ ಸರಿಮಾಡಬೇಕು. ಕೋಟಿಗಟ್ಟಲೆ ಬೆಲೆಯ ಯಂತ್ರಗಳ ನಡುವೆ ಈ ಪರೀಕ್ಷೆಗೆ ಎರಡು ಬೆರಳು ಸಾಕು!

ತಲೆಯನ್ನು ಎಡಕ್ಕೆ ತಿರುಗಿಸಲೇಬೇಕಾದರೆ ಬಲ ಭುಜದ ಕೆಳಗೆ ಪ್ಯಾಡ್ ಇಡುತ್ತಾರೆ. ಮೈಯೂ ಸ್ವಲ್ಪ ಆ ಕಡೆಗೇ ಹೊರಳಿದರೆ ಕತ್ತು ಹಿಂಡಿದ ಹಾಗಾಗುವುದಿಲ್ಲ. ಉಸಿರಿನ ಟ್ಯೂಬನ್ನು ಕತ್ತಿನ ಸುತ್ತ ದಾರದಿಂದ ಬಿಗಿಯುವ ಬದಲು ಪ್ಲಾಸ್ಟರಿನಿಂದ ಅಂಟಿಸುವುದೂ ಇದಕ್ಕೇ. ಆಪರೇಷನ್ ನಡುವೆ ಸರ್ಜನ್ ‘ಬ್ರೈನ್ ಟೈಟ್ ಇದೆ’ ಅಂದರೆ ಔಷಧಿಯ ಜೊತೆಗೆ ಕತ್ತನ್ನೂ, ಟೇಬಲ್ಲಿನ ಓರೆಯನ್ನೂ ನೋಡಬೇಕು. ಕತ್ತಿನ ರಕ್ತನಾಳ ಮಡಿಚಿಕೊಂಡಿದ್ದರೆ ಮಿದುಳಿನ ಊತ ಇಳಿಸುವ ಮ್ಯಾನಿಟಾಲ್ ಔಷಧಿ ಎಷ್ಟು ಹಾಕಿದರೂ ಅಷ್ಟಕ್ಕಷ್ಟೇ.

ಹಂತ 3: ಬೋರಲು, ಮಗ್ಗುಲು, ಕೂರಿಸಿ

ಗಡ್ಡೆ ತಲೆಯ ಹಿಂಭಾಗದಲ್ಲಿದ್ದರೆ ಅಂಗಾತ ಮಲಗಿಸಿ ಪ್ರಯೋಜನವಿಲ್ಲ. ಬೋರಲು ಮಲಗಿಸುವಾಗ ಎದೆ ಮತ್ತು ಸೊಂಟದ ಕೆಳಗೆ ಮಾತ್ರ ದಿಂಡು ಕೊಟ್ಟು ಹೊಟ್ಟೆಯನ್ನು ಖಾಲಿ ಬಿಡುತ್ತಾರೆ. ಹೊಟ್ಟೆ ಒತ್ತಿದರೆ ಒಳಗಿನ ದೊಡ್ಡ ಅಭಿಧಮನಿಯಲ್ಲಿ ಒತ್ತಡ ಏರಿ, ಅದು ಮೇಲಿನ ರಕ್ತನಾಳಗಳಿಗೂ ಮುಟ್ಟುತ್ತದೆ. ಕಣ್ಣಿನ ಮೇಲೆ ಭಾರ ಬೀಳದಂತೆ ಪದೇ ಪದೇ ನೋಡಿಕೊಳ್ಳಬೇಕು, ದೃಷ್ಟಿಗೇ ಸಂಚಕಾರ ಬರಬಹುದು. ಮಗ್ಗುಲು ಮಲಗಿಸಿದಾಗ ಕೆಳಗಿನ ಕಂಕುಳಿನ ಹತ್ತಿರ ಎದೆಗೆ ಪ್ಯಾಡ್ ಕೊಡುತ್ತಾರೆ.

ಕೂರಿಸಿ ಮಾಡುವ ಆಪರೇಷನ್ನೂ ಇದೆ. ಸರ್ಜನ್‌ಗೆ ಜಾಗ ಚೆನ್ನಾಗಿ ಕಾಣುತ್ತದೆ, ರಕ್ತ ಕೆಳಗೆ ಹರಿದುಹೋಗುತ್ತದೆ. ಆದರೆ ತಲೆ ಹೃದಯಕ್ಕಿಂತ ಬಹಳ ಮೇಲಿರುವುದರಿಂದ ಅಭಿಧಮನಿಯಲ್ಲಿ ಎಳೆತ ಹುಟ್ಟುತ್ತದೆ. ಮೂಳೆಗೆ ಅಂಟಿಕೊಂಡಿರುವ ರಕ್ತನಾಳ ತೆರೆದರೆ ಮುಚ್ಚಿಕೊಳ್ಳುವುದಿಲ್ಲ, ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಆ ಗಾಳಿ ಹೃದಯ ಸೇರಿ ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಕಟ್ಟಬಹುದು. ಪೇಷಂಟ್ ಹೊರಬಿಡುವ ಉಸಿರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಥಟ್ಟನೆ ಇಳಿಯುವುದು ಇದರ ದೊಡ್ಡ ಸುಳಿವು. ತಕ್ಷಣ ಗಾಯಕ್ಕೆ ಸಲೈನ್ ಸುರಿಯುತ್ತಾರೆ, ಮೂಳೆಯ ಅಂಚಿಗೆ ಮೇಣ ಹಚ್ಚುತ್ತಾರೆ, ತಲೆ ತಗ್ಗಿಸುತ್ತಾರೆ. ಗಾಳಿ ನುಗ್ಗುವುದು ನಿಲ್ಲಲಿ ಅಂತ ಕತ್ತಿನ ಅಭಿಧಮನಿಗಳನ್ನು ಕೈಯಿಂದ ಒತ್ತಿ ಹಿಡಿಯುವುದೂ ಉಂಟು. ಇಷ್ಟು ಹೊತ್ತು ಒತ್ತಬೇಡಿ ಅಂದದ್ದನ್ನೇ ಇಲ್ಲಿ ಬೇಕಂತಲೇ ಮಾಡುತ್ತಾರೆ, ನೋಡಿ. ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ಸಣ್ಣ ಕಿಂಡಿ ಉಳಿದಿರುತ್ತದೆ. ಅದರ ಮೂಲಕ ಗಾಳಿ ಮಿದುಳಿಗೇ ಹೋಗಬಹುದು. ಕೂರಿಸಿ ಮಾಡುವ ಮುಂಚೆ ಎಕೋ (ಆ ಕಿಂಡಿ ಇದೆಯಾ ಅಂತ ನೋಡುವ ಹೃದಯದ ಸ್ಕ್ಯಾನ್) ಮಾಡಿಸಿ ಅಂದರೆ ದುಡ್ಡು ಕೀಳುತ್ತಿದ್ದಾರೆ ಅಂತ ಅನುಮಾನ ಪಡಬೇಡಿ.

ಹಂತ 4: ಐಸಿಯು, ವಾರ್ಡ್, ಮತ್ತೆ ನೀವು

ಐಸಿಯುನಲ್ಲಿ ಸಾಮಾನ್ಯವಾಗಿ ಮಂಚದ ತಲೆಯ ಕಡೆಯನ್ನು 30 ಡಿಗ್ರಿ ಎತ್ತಿರುತ್ತಾರೆ. ನಮ್ಮವರ ಪ್ರೀತಿ ತೊಂದರೆ ಮಾಡುವುದು ಇಲ್ಲೇ. ‘ಪಾಪ, ತಲೆ ಕೆಳಗಿದೆ’ ಅಂತ ಮನೆಯಿಂದ ತಂದ ದಪ್ಪ ದಿಂಬನ್ನು ತಲೆಯಡಿ ತುರುಕುತ್ತಾರೆ. ಗದ್ದ ಎದೆಗೆ ತಾಗುತ್ತದೆ. ತಲೆ ಎತ್ತರವಾಯಿತು ನಿಜ, ರಕ್ತ ಇಳಿಯುವ ದಾರಿಯೇ ಮುಚ್ಚಿತಲ್ಲ! ಎತ್ತರ ಬೇಕಾದರೆ ಮಂಚವನ್ನೇ ಎತ್ತಲು ಸಿಸ್ಟರಿಗೆ ಹೇಳಿ.

ಮೂಗು, ಗದ್ದ, ಎದೆಯ ನಡುಗೆರೆ ಒಂದೇ ಸಾಲಿನಲ್ಲಿವೆಯಾ ನೋಡಿ. ಪೇಷಂಟ್ ಮಂಚದಲ್ಲಿ ಕೆಳಕ್ಕೆ ಜಾರಿದ್ದರೆ ನೀವೇ ಕಂಕುಳಿಗೆ ಕೈ ಹಾಕಿ ಎಳೆಯಬೇಡಿ, ಕರೆಯಿರಿ. ಹೆದ್ದಾರಿ ಅಪಘಾತದ ಕೇಸ್‌ಗಳಲ್ಲಿ ಕತ್ತಿಗೆ ಕಾಲರ್ ಹಾಕಿರುತ್ತಾರೆ. ಅದು ಬಿಗಿಯಾದಂತೆ ಕಂಡರೆ ಕೇಳಿ, ಆದರೆ ಬಿಚ್ಚಬೇಡಿ. ಕತ್ತಿನ ಮೂಳೆಗೆ ಪೆಟ್ಟಾಗಿರಬಹುದು. ಮಲವಿಸರ್ಜನೆಗೆ ಮುಕ್ಕಿದರೂ ತಲೆಯೊಳಗಿನ ಒತ್ತಡ ಏರುತ್ತದೆ, ಮಲಬದ್ಧತೆ ಇದ್ದರೆ ನಾಚಿಕೊಳ್ಳದೆ ಡಾಕ್ಟರಿಗೆ ತಿಳಿಸಿ.

ಪಕ್ಕದ ಬೆಡ್ ನೋಡಿ ನಿಮ್ಮವರನ್ನು ಮಲಗಿಸಬೇಡಿ. ವಯಸ್ಸಾದವರಿಗೆ ಮಿದುಳಿನ ಮೇಲೆ ಹಳೇ ರಕ್ತ ಕಟ್ಟಿಕೊಂಡು, ಬುರುಡೆಗೆ ತೂತು ಕೊರೆದು ತೆಗೆದಿದ್ದರೆ, ಹಲವು ಡಾಕ್ಟರು ಒಂದೆರಡು ದಿನ ಚಪ್ಪಟೆಯಾಗಿಯೇ ಮಲಗಿಸುತ್ತಾರೆ. ಮೂಗಿನ ಮೂಲಕ ಗಡ್ಡೆ ತೆಗೆದವರಿಗೆ ತಲೆ ಎತ್ತಿಯೇ ಇಡುತ್ತಾರೆ. ‘ನಮ್ಮ ಪೇಷಂಟಿಗೆ ಎಷ್ಟು ಎತ್ತರ, ಯಾವ ಮಗ್ಗುಲು ಬೇಡ, ಎಷ್ಟು ದಿನ?’ ಅಂತ ಮೊದಲ ದಿನವೇ ಕೇಳಿ ಬರೆದಿಟ್ಟುಕೊಳ್ಳಿ. ರಾತ್ರಿ ಪಾಳಿಗೆ ಬರುವ ಅಣ್ಣನಿಗೋ ಭಾವನಿಗೋ ಆ ಚೀಟಿ ಕೊಡಿ.

ತಲೆನೋವು ಏರುತ್ತಿದ್ದರೆ, ವಾಂತಿಯಾದರೆ, ಕರೆದರೆ ಮೊದಲಿನಂತೆ ಕಣ್ಣು ಬಿಡದಿದ್ದರೆ, ಒಂದು ಕೈಯೋ ಕಾಲೋ ಸೋತಂತೆ ಕಂಡರೆ ಬೆಳಗಿನ ರೌಂಡ್ಸ್‌ಗೆ ಕಾಯಬೇಡಿ. ಆಗಲೇ ಡ್ಯೂಟಿ ಡಾಕ್ಟರನ್ನು ಕರೆಸಿ.