ಹಟ ಬಂದಾಗ ನಾನು ಮೊದಲು ಕೇಳುವುದು ವಯಸ್ಸು

ಮಕ್ಕಳ ಆಪ್ತಸಮಾಲೋಚನೆ ನನ್ನ ಕೆಲಸ. "ಹೊಡೀತಾನೆ, ಕಚ್ತಾನೆ, ದೊಡ್ಡವನಾದ್ಮೇಲೆ ಏನ್ ಗತಿ?" ಅಂತ ಬರುವವರೇ ಜಾಸ್ತಿ. ವಯಸ್ಸೆಷ್ಟು ಅಂತ ಕೇಳುತ್ತೇನೆ. ಎರಡು-ಮೂರು ವರ್ಷ ಅಂದರೆ ನನಗೆ ಅಷ್ಟೇನೂ ಗಾಬರಿಯಿಲ್ಲ, ಏಕೆಂದರೆ ಮಕ್ಕಳು ಅತಿ ಹೆಚ್ಚು ಕೈ ಮಾಡುವುದೇ ಆ ವಯಸ್ಸಿನಲ್ಲಿ. ಕೆನಡಾದ ಸಂಶೋಧಕ ರಿಚರ್ಡ್ ಟ್ರೆಂಬ್ಲೆ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ ಹೇಳಿದ್ದೂ ಇದನ್ನೇ. ಮಾತು ಬಂದಂತೆ, ಕಾಯುವುದು ಕಲಿತಂತೆ, ಹೆಚ್ಚಿನವರಲ್ಲಿ ಅದು ತಾನೇ ಇಳಿಯುತ್ತದೆ.

ಇಳಿಯದಿದ್ದರೆ? ಹಟಕ್ಕೆ ಮುಂಚೆ ಏನಾಯಿತು, ಆಮೇಲೆ ಏನು ಸಿಕ್ಕಿತು ಅಂತ ನೋಡುತ್ತೇನೆ. ಆರು ವರ್ಷದ ಒಬ್ಬ ಹುಡುಗ ನನ್ನೆದುರೇ ಫೋನ್ ಹಿಡಿದು ಕೂತಿದ್ದ. ಅಮ್ಮ "ಸಾಕು" ಅಂದರು. ಅವನು ರಾಗ ತೆಗೆದ. ಅವರು ದನಿ ಏರಿಸಿದರು. ಅವನು ಚಪ್ಪಲಿ ಎಸೆದ. ಅವರು ನನ್ನ ಮುಖ ನೋಡಿ ಮುಜುಗರಪಟ್ಟು "ಐದೇ ನಿಮಿಷ" ಅಂತ ಬಿಟ್ಟರು. ಅವನಿಗೆ ಫೋನ್, ಅವರಿಗೆ ನೆಮ್ಮದಿ. ಇಬ್ಬರಿಗೂ ಲಾಭ ಅಲ್ವಾ! ಮುಂದಿನ ಸಲ ರಾಗದ ಗೋಜೇ ಇಲ್ಲ, ನೇರ ಚಪ್ಪಲಿ. ಅಮೆರಿಕದ ಮನಶ್ಶಾಸ್ತ್ರಜ್ಞ ಜೆರಾಲ್ಡ್ ಪ್ಯಾಟರ್ಸನ್ ಮತ್ತು ಜೊತೆಗಾರರು ಮನೆಗಳಿಗೇ ಹೋಗಿ ನೋಡಿ ಗುರುತಿಸಿದ್ದು ಈ ಸುತ್ತನ್ನೇ.

ನಾನು ಹೇಳಿದ್ದು ಇಷ್ಟು. ಎಲ್ಲವನ್ನೂ ಒಟ್ಟಿಗೆ ತಿದ್ದಲು ಹೋಗಬೇಡಿ, ಫೋನಿನ ಹಟ ಒಂದನ್ನೇ ಹಿಡಿಯಿರಿ. ಸಮಯ ಮುಗಿಯುವ ಸ್ವಲ್ಪ ಮುಂಚೆ ಒಮ್ಮೆ ಹೇಳಿ, ಮುಗಿದಾಗ ತೆಗೆದುಕೊಳ್ಳಿ, ವಾದ ಬೇಡ. ಅವನೇ ಕೊಟ್ಟರೆ "ಹೇಳಿದ ತಕ್ಷಣ ಕೊಟ್ಟೆ" ಅಂತ ಆಗಲೇ ಮೆಚ್ಚಿ, ಸುಮ್ನೆ "ಜಾಣ" ಅಂದರೆ ಯಾವುದಕ್ಕೆ ಅಂತ ಅವನಿಗೆ ಗೊತ್ತಾಗುವುದಿಲ್ಲ. ಮೊದಮೊದಲು ಕೂಗಾಟ ಇನ್ನೂ ಏರುತ್ತದೆ ಅಂತಲೂ ಎಚ್ಚರಿಸಿದ್ದೆ. ಬಹಳ ಜನ ಕೈಬಿಡುವುದು ಅಲ್ಲೇ. ಅಲ್ಲಿ ಮಣಿದರೆ, ಇನ್ನಷ್ಟು ಜೋರಾಗಿ ಕೂಗಿದರೆ ಸಿಗುತ್ತದೆ ಅಂತ ಮಗು ಕಲಿಯುತ್ತದೆ. ಮನೆಯಲ್ಲಿ ಒಬ್ಬರು ಬೇಡ ಅಂದು ಇನ್ನೊಬ್ಬರು ಕದ್ದು ಕೊಟ್ಟರೂ ಅಷ್ಟೇ.

ಶಾಲೆಯ ವಯಸ್ಸಿನಲ್ಲಿ ಹೊಡೆತ ಕಮ್ಮಿಯಾಗಿ, ಕೆಲವರಲ್ಲಿ ಸುಳ್ಳು, ಕದಿಯುವುದು ಕಾಣಿಸಿಕೊಳ್ಳುತ್ತದೆ. ಹದಿಹರೆಯದವರ ವಿಷಯದಲ್ಲಿ ನನ್ನ ಪ್ರಶ್ನೆ ಬೇರೆ: "ಐದು ವರ್ಷದವನಿದ್ದಾಗ ಹೇಗಿದ್ದ?" ಮನಶ್ಶಾಸ್ತ್ರಜ್ಞೆ ಟೆರಿ ಮೊಫಿಟ್ 1993ರಲ್ಲಿ ಎರಡು ದಾರಿ ಬಿಡಿಸಿ ತೋರಿಸಿದ್ದರು. ಹದಿಹರೆಯದಲ್ಲಿ ಶುರುವಾದ ಪುಂಡಾಟ ಹೆಚ್ಚಾಗಿ ಆ ವಯಸ್ಸಿನ ಜೊತೆಗೇ ಮುಗಿಯುತ್ತದೆ, ಚಿಕ್ಕಂದಿನಿಂದ ಬಂದದ್ದು ಮುಂದುವರಿಯುವ ಸಾಧ್ಯತೆ ಜಾಸ್ತಿ. "ಚಿಕ್ಕಂದಿನಿಂದಲೂ ಹೀಗೇ" ಅಂತ ಮನೆಯವರು ಅಂದರೆ ನಾನು ಗಮನ, ಓದು, ಮನೆಯ ಜಗಳ ಎಲ್ಲವನ್ನೂ ಕೆದಕುತ್ತೇನೆ. ಹಾಗೆ ಕೆದಕಿದಾಗಲೇ, ಒಬ್ಬ ಹುಡುಗ ತರಗತಿಯಲ್ಲಿ ಗಲಾಟೆ ಎಬ್ಬಿಸುವುದು ಗಟ್ಟಿಯಾಗಿ ಓದುವ ಸರದಿ ಬಂದಾಗ ಮಾತ್ರ ಅಂತ ಗೊತ್ತಾಯಿತು. ಡಿಸ್‌ಲೆಕ್ಸಿಯಾ (ಅಕ್ಷರ ಕೂಡಿಸಿ ಓದಲು ಕಷ್ಟವಾಗುವ ತೊಂದರೆ) ಇದೆಯೇ ಅಂತ ಪರೀಕ್ಷೆ ಮಾಡಿಸಲು ಕಳಿಸಿದೆ.