ಆಶಾ ಕಾರ್ಯಕರ್ತೆಯರೊಂದಿಗೆ ಮಾನಸಿಕ ಆರೋಗ್ಯದ ಪಾಠ

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸಮಾಜ ಕಾರ್ಯಕರ್ತೆಯಾಗಿ ಆಶಾ ಕಾರ್ಯಕರ್ತೆಯರಿಗೆ ತರಬೇತಿ ಕೊಡುವಾಗ ನಾನು ಕಾಯಿಲೆಗಳ ಹೆಸರಿನಿಂದ ಆರಂಭಿಸುವುದಿಲ್ಲ. ‘ನಿಮ್ಮೂರಿನಲ್ಲಿ ಸ್ನಾನ ಬಿಟ್ಟವರು, ಒಬ್ಬರೇ ಮಾತಾಡಿಕೊಳ್ಳುವವರು, ಹೆರಿಗೆಯಾದ ಮೇಲೆ ಮಗುವನ್ನು ಎತ್ತಿಕೊಳ್ಳಲೂ ಮನಸ್ಸಿಲ್ಲದವರು ಇದ್ದಾರೆಯೇ?’ ಎಂದು ಕೇಳುತ್ತೇನೆ. ಎಲ್ಲರಿಗೂ ಹೇಳಲು ಏನಾದರೊಂದು ಇದ್ದೇ ಇರುತ್ತದೆ. ಆದರೆ ಯಾರ ಹೆಸರನ್ನೂ ಎತ್ತುವಂತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟಿರುವ ಗೌಪ್ಯತೆಯ ಹಕ್ಕಿನ ಪಾಠ ಅಲ್ಲಿಗೇ ಶುರುವಾಗುತ್ತದೆ.

ದೇವರು, ಗಾಳಿ, ಮಾಟದ ಮಾತು ಬಂದಾಗ ವಾದಕ್ಕಿಳಿಯಬೇಡಿ ಎನ್ನುತ್ತೇನೆ. ಹರಕೆಯೂ ತೀರಲಿ, ಮಾತ್ರೆಯೂ ನಡೆಯಲಿ.

ಹೆಚ್ಚು ಹೊತ್ತು ಹಿಡಿಯುವುದು ಒಂದೇ ಪ್ರಶ್ನೆ: ‘ಸಾಯಬೇಕು ಅನ್ನಿಸುತ್ತದೆಯೇ ಅಕ್ಕಾ?’ ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದಂತಾಗುತ್ತದೆ ಎಂಬ ಭಯ ಅವರಲ್ಲಿ ಗಟ್ಟಿಯಾಗಿದೆ. ಹಾಗೆ ಆಗುವುದಿಲ್ಲ, ಕೇಳಿದವರ ಮುಂದೆ ಎಷ್ಟೋ ಜನ ಹಗುರಾಗುತ್ತಾರೆ. ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ, ನಾಲಿಗೆ ತಡವರಿಸದೆ ಆ ಮಾತು ಬರುವವರೆಗೆ ಆಡಿಸುತ್ತೇನೆ. ಹೌದು ಎಂದವರನ್ನು ಒಂಟಿಯಾಗಿ ಬಿಡಬಾರದು, ಮನೆಯಲ್ಲಿರುವ ಕೀಟನಾಶಕದ ಡಬ್ಬಿಯನ್ನು ಅಂದೇ ಬೇರೆ ಕಡೆ ಸಾಗಿಸಬೇಕು, ವೈದ್ಯರಿಗೆ ತಿಳಿಸಬೇಕು. ಅಪರಾತ್ರಿಯಾದರೂ 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ.

ನನ್ನ ಮಟ್ಟಿಗೆ ಆಶಾ ಕಾರ್ಯಕರ್ತೆಯರ ದೊಡ್ಡ ಬಲ ಇರುವುದು ಚಿಕಿತ್ಸೆ ಶುರುವಾದ ಮೇಲೆ. ಭ್ರಮೆ ಕಾಡುವ ಸ್ಕಿಜೋಫ್ರೇನಿಯಾ ಕಾಯಿಲೆಯ ಕೆಲವು ಮಾತ್ರೆಗಳಿಂದ ಕೈ ನಡುಗುತ್ತದೆ, ಜೊಲ್ಲು ಸುರಿಯುತ್ತದೆ, ಮೈ ಬಿಗಿಯುತ್ತದೆ. ಮನೆಯವರು ‘ಔಷಧಿ ಆಗಿಬರಲಿಲ್ಲ’ ಎಂದು ನಿಲ್ಲಿಸಿಬಿಡುತ್ತಾರೆ. ಒಬ್ಬ ಹುಡುಗ ಕಾಫಿ ಲೋಟ ಹಿಡಿಯಲಾರದೆ ಚೆಲ್ಲುತ್ತಿದ್ದುದನ್ನು ನಮ್ಮ ಕಾರ್ಯಕರ್ತೆ ಕಂಡರು. ‘ಮಾತ್ರೆ ನಿಲ್ಲಿಸಬೇಡಿ ಅಮ್ಮಾ, ಡಾಕ್ಟರಿಗೆ ತೋರಿಸೋಣ’ ಎಂದು ಅವನ ತಾಯಿಯನ್ನು ಒಪ್ಪಿಸಿ, ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮಾನಸಿಕ ಚಿಕಿತ್ಸೆಯ ಮನೋಚೈತನ್ಯ ಕ್ಲಿನಿಕ್‌ಗೆ ಕರೆತಂದರು. ವೈದ್ಯರು ಪ್ರಮಾಣ ಇಳಿಸಿದರು, ನಡುಕ ತಗ್ಗಿತು. ಆ ಲೋಟ ಆಸ್ಪತ್ರೆಯಲ್ಲಿ ಕೂತ ನಮಗೆ ಕಾಣುವಂಥದ್ದಲ್ಲ.

1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಿಬ್ಬಂದಿಯನ್ನೇ ಮಾನಸಿಕ ಆರೈಕೆಗೆ ತಯಾರು ಮಾಡಿ ತೋರಿಸಿದ ದಾರಿ ಇದು. ಒಂದು ದಿನದ ತರಬೇತಿಗೆ ಅದು ದಕ್ಕುವುದಿಲ್ಲ. ಹಾಗಾಗಿ ತಿಂಗಳ ಸಭೆಯಲ್ಲಿ ಅರ್ಧ ಗಂಟೆ ಬೇಡಿ ಪಡೆಯುತ್ತೇನೆ. ಮಾತ್ರೆ ಬಿಟ್ಟವರು ಇದ್ದಾರೆಯೇ ಎಂದು ವಿಚಾರಿಸುತ್ತೇನೆ, ಜೊತೆಗೆ ಕಾರ್ಯಕರ್ತೆಯರ ನಿದ್ದೆಯನ್ನೂ ವಿಚಾರಿಸುತ್ತೇನೆ. ಪ್ರೋತ್ಸಾಹಧನಕ್ಕೆ ದುಡಿಯುವ ಈ ಹೆಣ್ಣುಮಕ್ಕಳ ಮೇಲೆ ಇಷ್ಟು ಸಂಕಟ ಕೇಳುವ ಹೊಣೆ ಹೊರಿಸಿದ ಮೇಲೆ, ಅದಕ್ಕೆ ಪ್ರತ್ಯೇಕ ಸಂಭಾವನೆ ಕೊಡಲೇಬೇಕೆಂದು ಪ್ರತಿ ವರದಿಯಲ್ಲೂ ಬರೆಯುತ್ತಿದ್ದೇನೆ.